ಓದುಗರ ಪ್ರಶ್ನೆ: ಮಗನ ಓದು ಬಿಡಿಸಿ ಕ್ರಿಕೆಟ್‌ಗೆ ಸೇರಿಸೋದಾ?

ಹೋದ ಸಂಚಿಕೆಯಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಂಜಿನಿಯರಿಂಗ್ ಓದಿದ ಹುಡುಗ ದೇಶಕ್ಕೆ 67 ಟೆಸ್ಟ್ ಆಡಿದ ಕತೆ. ಅದಕ್ಕೇ ಇರಬೇಕು, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೈಸೂರು, ಮಂಡ್ಯ ಕಡೆಯವೇ. ಕ್ರಿಕೆಟ್ ನಂಬಿಕೊಂಡು ಬದುಕಬಹುದಾ ಅನ್ನೋದೇ ಎಲ್ಲರ ಚಿಂತೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಕೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ನನ್ನ ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಜೋರಾಗಿ ಬೌಲ್ ಮಾಡ್ತಾನೆ, ನೋಡಿದವರೆಲ್ಲ ಹೊಗಳ್ತಾರೆ. ಸ್ಕೂಲ್ ಬಿಡಿಸಿ ಬೆಂಗಳೂರಿನ ಅಕಾಡೆಮಿಗೆ ಸೇರಿಸೋಣ, ಗದ್ದೆ ಮೇಲೆ ಸಾಲ ತೆಗೆಯೋಣ ಅಂತಾರೆ ಅವರಪ್ಪ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಏನು ಮಾಡ್ಲಿ? (ಮಂಡ್ಯ ತಾಲೂಕಿನ ಒಬ್ಬ ತಾಯಿ)

ಅಮ್ಮಾ, ಗದ್ದೆ ಮೇಲೆ ಸಾಲ ತೆಗೆಯಬೇಡಿ. ಸ್ಕೂಲೂ ಬಿಡಿಸಬೇಡಿ. ಹಾಗಂತ ಮಗನ ಕೈಯಿಂದ ಬಾಲ್ ಕಿತ್ತುಕೊಳ್ಳಲೂಬೇಡಿ. ಈ ಮೂರೂ ಒಟ್ಟಿಗೆ ಆಗುತ್ತವಾ ಅಂತ ನಿಮ್ಮ ಯಜಮಾನರು ಕೇಳಿದರೆ ಅವರಿಗೆ ಶ್ರೀನಾಥ್ ಕತೆಯನ್ನೇ ಪೂರ್ತಿ ಹೇಳಿ, ಹೋದ ಸಲ ನಾನು ಅರ್ಧ ಮಾತ್ರ ಹೇಳಿದ್ದೆ.

ಶ್ರೀನಾಥ್ ಓದಿದ್ದು ಮೈಸೂರಿನ ಮರಿಮಲ್ಲಪ್ಪ ಸ್ಕೂಲಲ್ಲಿ, ಆಮೇಲೆ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜಲ್ಲಿ. 1989ರಲ್ಲಿ ಕರ್ನಾಟಕಕ್ಕೆ ಮೊದಲ ರಣಜಿ (ರಾಜ್ಯ ತಂಡಗಳ ಟೂರ್ನಿ) ಮ್ಯಾಚ್ ಆಡಿದರು, ಹೈದರಾಬಾದ್ ಮೇಲೆ, ಮತ್ತು ಆ ಮೊದಲ ಮ್ಯಾಚಲ್ಲೇ ಹ್ಯಾಟ್ರಿಕ್ ತೆಗೆದರು. 1991ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ಮೇಲೆ ಮೊದಲ ಒಂದು ದಿನದ ಪಂದ್ಯ, ಮುಂದಿನ ತಿಂಗಳು ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್. ಆಗ ಅವರಿಗೆ 22 ವರ್ಷ. ಇಲ್ಲಿವರೆಗೂ ಎಲ್ಲರಿಗೂ ಗೊತ್ತು. ನಿಮ್ಮ ಮನೆಯವರು ಕೇಳಿಸಿಕೊಳ್ಳಬೇಕಾದ್ದು ಇದರ ಮುಂದಿನ ಭಾಗ. ತವರಿನಲ್ಲಿ ಒಂದು ಟೆಸ್ಟ್ ಆಡೋಕೆ ಶ್ರೀನಾಥ್ 1994ರ ನವೆಂಬರ್‌ವರೆಗೂ ಕಾಯಬೇಕಾಯಿತು. ಮೂರು ವರ್ಷ! ಕಪಿಲ್ ದೇವ್ ಇದ್ದರು, ಮನೋಜ್ ಪ್ರಭಾಕರ್ ಇದ್ದರು, ಇಲ್ಲಿನ ಪಿಚ್‌ಗೆ ಸ್ಪಿನ್ನರ್‌ಗಳೇ ಬೇಕಿತ್ತು, ಮೂರನೇ ಫಾಸ್ಟ್ ಬೌಲರ್‌ಗೆ ಜಾಗವೇ ಇರಲಿಲ್ಲ. ದೇಶದಲ್ಲೇ ಅತಿ ವೇಗದ ಬೌಲರ್ ಆಗಿದ್ದರೂ, ತನ್ನದೇನೂ ತಪ್ಪಿಲ್ಲದಿದ್ದರೂ, ಹೊರಗೆ ಕೂತು ಮ್ಯಾಚ್ ನೋಡಬೇಕು. 22ರಿಂದ 25, ಫಾಸ್ಟ್ ಬೌಲರ್‌ನ ಮೈಯಲ್ಲಿ ಕಸುವು ತುಂಬಿ ತುಳುಕೋ ವಯಸ್ಸು ಅದು.

ಆಮೇಲಾದರೂ ಸುಲಭವಾಯಿತಾ? ಇಲ್ಲ. 1997ರಲ್ಲಿ ಭುಜ ಕೈಕೊಟ್ಟಿತು, ಆಪರೇಷನ್ ಆಯಿತು, ತಿಂಗಳುಗಟ್ಟಲೆ ಆಟ ನಿಂತಿತು. ವಾಪಸ್ ಬಂದು 1999ರ ಫೆಬ್ರವರಿಯಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಲ್ಲಿ 132 ರನ್‌ಗೆ 13 ವಿಕೆಟ್ ತೆಗೆದರು, ಆದರೂ ಭಾರತ ಸೋತಿತು. ಟೆಸ್ಟ್ ಸಾಕು ಅಂತ ಬಿಟ್ಟವರನ್ನು 2002ರಲ್ಲಿ ಸೌರವ್ ಗಂಗೂಲಿ ಮತ್ತೆ ಒಪ್ಪಿಸಿ ಕರೆತಂದರು. 2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ಪಡೆದು ಆಟ ಮುಗಿಸಿದರು. ಟೆಸ್ಟಲ್ಲಿ 236, ಒಂದು ದಿನದ ಪಂದ್ಯಗಳಲ್ಲಿ 315 ವಿಕೆಟ್. ಒಂದು ದಿನದ ಆಟದಲ್ಲಿ ಭಾರತದ ಬೇರೆ ಯಾವ ವೇಗದ ಬೌಲರೂ ಇನ್ನೂ ಆ ಲೆಕ್ಕ ಮುಟ್ಟಿಲ್ಲ. 33 ತುಂಬಿ 34 ಆಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಇಷ್ಟು ದೊಡ್ಡ ಆಟಗಾರನಿಗೂ.

ನಾನು ಇದನ್ನೆಲ್ಲ ಹೆದರಿಸೋಕೆ ಹೇಳುತ್ತಿಲ್ಲ, ಅಮ್ಮಾ. ಈ ಕಸುಬಿನಲ್ಲಿ ಆಡೋದಕ್ಕಿಂತ ಕಾಯೋದೇ ಜಾಸ್ತಿ. ಕಾಯೋ ಹುಡುಗನಿಗೆ ಕಾಲೂರಿ ನಿಲ್ಲೋಕೆ ಒಂದು ನೆಲ ಬೇಕು. ಶ್ರೀನಾಥ್‌ಗೆ ಓದು ಅನ್ನೋ ಆ ನೆಲ ಇತ್ತು. ಸ್ಕೂಲ್ ಬಿಟ್ಟು, ಮನೆಯ ಗದ್ದೆ ಸಾಲದಲ್ಲಿದೆ ಅನ್ನೋದನ್ನು ತಲೆಯಲ್ಲಿಟ್ಟುಕೊಂಡು ರನ್‌ಅಪ್ ಶುರು ಮಾಡೋ 14 ವರ್ಷದ ಮಗು ಒಂದು ನೋಬಾಲ್ ಹಾಕಿದರೂ ಅಪ್ಪನ ಮುಖ ನೋಡುತ್ತೆ. ಹಾಗೆ ಆಡಿ ಮೇಲೆ ಬಂದವರು ಇರಬಹುದು, ನಾನು ನೋಡಿದ ಮಕ್ಕಳೆಲ್ಲ ಅದರಲ್ಲಿ ಕುಗ್ಗಿಹೋದರು.

ಇನ್ನೊಂದು ಲೆಕ್ಕ. ರಣಜಿಯಲ್ಲಿ ಈಗ 38 ತಂಡ. ತಂಡಕ್ಕೆ 15 ಜನ ಅಂದರೂ 570 ಹುಡುಗರು. ಭಾರತ 1932ರಲ್ಲಿ ಟೆಸ್ಟ್ ಆಡೋಕೆ ಶುರು ಮಾಡಿತು, ಅಲ್ಲಿಂದ ಇಲ್ಲಿವರೆಗೆ ಟೆಸ್ಟ್ ಆಡಿದ ಗಂಡಸರು ಒಟ್ಟು ಮುನ್ನೂರ ಚಿಲ್ಲರೆ. ಒಂದೇ ವರ್ಷ ರಣಜಿಗೆ ಸೇರೋ ಹುಡುಗರಿಗಿಂತ ಕಮ್ಮಿ.

ಹಾಗಾದರೆ ಈಗ ಏನು ಮಾಡೋದು? ಮಂಡ್ಯದಲ್ಲೇ ಇರಲಿ, ಮೈಸೂರಿಗೆ ವಾರಕ್ಕೆ ಮೂರು ದಿನ ಹೋಗಿ ಬರಲಿ. 45 ಕಿಲೋಮೀಟರ್, ರೈಲಿದೆ. ಗದಗಿನ ಸುನಿಲ್ ಜೋಶಿ ಚಿಕ್ಕವರಿದ್ದಾಗ ಪ್ರಾಕ್ಟೀಸ್‌ಗೆ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದರು, ಅದು ಇದಕ್ಕಿಂತ ದೂರ. ಅವರೇ ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್‌ಗೆ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು. ಮೈಸೂರು ವಲಯದ ಲೀಗಲ್ಲಿ ಒಂದು ಕ್ಲಬ್ ಹಿಡಿಯಿರಿ, 16 ವರ್ಷದೊಳಗಿನವರ ಸೆಲೆಕ್ಷನ್‌ಗೆ ಕಳಿಸಿ. ವಲಯದ ಮ್ಯಾಚ್‌ಗಳಲ್ಲಿ ವಿಕೆಟ್ ಬಿದ್ದರೆ ರಾಜ್ಯದವರ ಕಣ್ಣಿಗೆ ತಾನಾಗೇ ಬೀಳುತ್ತಾನೆ. ಒಂದು ಮಾತ್ರ, ಯಾರಾದರೂ ಜನನ ಪತ್ರದಲ್ಲಿ ಒಂದು ವರ್ಷ ಕಮ್ಮಿ ಮಾಡಿಸಿ ಅಂದರೆ ಅವರನ್ನು ಮನೆ ಬಾಗಿಲಿಗೂ ಸೇರಿಸಬೇಡಿ. 16ರೊಳಗಿನ ಹುಡುಗರಿಗೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಸಿಕ್ಕಿಬಿದ್ದರೆ ಹುಡುಗನ ಭವಿಷ್ಯ ಅಲ್ಲೇ ಕೊನೆ.

ನಾನು ಹಳ್ಳಿ ಟೂರ್ನಮೆಂಟ್‌ಗಳಲ್ಲಿ ಟೆನಿಸ್ ಬಾಲ್ ಮಾತ್ರ ಆಡಿದ್ದೀನಿ. ವಯಸ್ಸು 17. ಲೆದರ್ ಬಾಲ್ ಶುರು ಮಾಡೋಕೆ ಲೇಟಾಯ್ತಾ ಸರ್? (ಮದ್ದೂರು)

ಬೌಲರ್ ಆದರೆ ಆಗಿಲ್ಲ, ತಮ್ಮಾ. ಬ್ಯಾಟ್ಸ್‌ಮನ್ ಆದರೆ ಸ್ವಲ್ಪ ಕಷ್ಟ, ಯಾಕೆಂದರೆ ಲೆದರ್ ಬಾಲನ್ನು ತಡವಾಗಿ, ಮೈಗೆ ಹತ್ತಿರ ಆಡೋದು ಕಲಿಯೋಕೆ ವರ್ಷಗಳೇ ಬೇಕು. ಅಭಿಮನ್ಯು ಮಿಥುನ್ ಗೊತ್ತಲ್ವಾ? ಮೊದಲು ಡಿಸ್ಕಸ್ ಎಸೆಯುತ್ತಿದ್ದವರು, 17 ವರ್ಷದವರೆಗೆ ಲೆದರ್ ಬಾಲ್ ಹಿಡಿದಿರಲಿಲ್ಲ. ಮೊದಲ ರಣಜಿ ಮ್ಯಾಚಲ್ಲೇ ಹ್ಯಾಟ್ರಿಕ್ ತೆಗೆದರು, 2010ರಲ್ಲಿ ಟೆಸ್ಟ್ ಆಡಿದರು. ನೀನು ಮೊದಲು ಮಾಡಬೇಕಾದ್ದು ಮ್ಯಾಟ್ ಮೇಲಲ್ಲ, ಟರ್ಫ್ ಪಿಚ್ (ಹುಲ್ಲು ಮಣ್ಣಿನ ಪಿಚ್) ಮೇಲೆ ಬೌಲ್ ಮಾಡೋ ಜಾಗ ಹುಡುಕೋದು. ಮ್ಯಾಟಲ್ಲಿ ಶಾರ್ಟ್ ಹಾಕಿದರೂ ಬಾಲ್ ಎದ್ದು ಬರುತ್ತೆ, ಅದನ್ನು ನಂಬಿಕೊಂಡರೆ ಟರ್ಫ್‌ಗೆ ಹೋದಾಗ ಮೋಸ ಹೋಗುತ್ತೀಯ. ಬಾಲನ್ನು ಸ್ವಲ್ಪ ಮುಂದೆ, ಬ್ಯಾಟ್ಸ್‌ಮನ್ ಹತ್ತಿರ ಬೀಳಿಸೋದನ್ನು ಈಗಿನಿಂದಲೇ ಕಲಿ.

ಇಂಡಿಯಾ ಆಡದೇ ಇದ್ರೂ ಕ್ರಿಕೆಟ್‌ನಲ್ಲಿ ಜೀವನ ನಡೆಯುತ್ತಾ? ನಿಜವಾದ ಲೆಕ್ಕ ಹೇಳಿ. (ಮೈಸೂರು, ಕುವೆಂಪುನಗರ)

ರಣಜಿ ತಂಡದ ಹನ್ನೊಂದರಲ್ಲಿ ಇದ್ದರೆ ನಡೆಯುತ್ತೆ. 2021ರಲ್ಲಿ ನಿಗದಿಯಾದ ದರದ ಪ್ರಕಾರ 20 ಮ್ಯಾಚ್‌ವರೆಗೆ ಆಡಿದವರಿಗೆ ದಿನಕ್ಕೆ 40,000 ರೂಪಾಯಿ, 40 ದಾಟಿದವರಿಗೆ 60,000, ಹೊರಗೆ ಕೂತವರಿಗೆ ಅರ್ಧ. ಏಳು ಲೀಗ್ ಮ್ಯಾಚ್, ನಾಲ್ಕು ನಾಲ್ಕು ದಿನ, ಎಲ್ಲ ಆಡಿದರೆ ಹೊಸಬನಿಗೂ 11 ಲಕ್ಷ ದಾಟುತ್ತೆ. ಭಾರತಕ್ಕೆ ಒಂದು ಟೆಸ್ಟ್ ಆಡಿದರೆ 15 ಲಕ್ಷ. ಅಂತರ ನೋಡಿ. ಆದರೆ ಮುಂದಿನ ವರ್ಷ ತಂಡದಲ್ಲಿ ಇರುತ್ತೀರೋ ಇಲ್ಲವೋ ಅನ್ನೋದಕ್ಕೆ ಯಾರೂ ಬರೆದುಕೊಡೋದಿಲ್ಲ.

ನನಗೆ ಈ ವಿಷಯದಲ್ಲಿ ತುಂಬಾ ಗೌರವ ಇರೋದು ದಾವಣಗೆರೆಯ ವಿನಯ್ ಕುಮಾರ್ ಮೇಲೆ. ಅಪ್ಪ ಆಟೋ ಓಡಿಸುತ್ತಿದ್ದರು. ಮೊದಲ ದರ್ಜೆ ಕ್ರಿಕೆಟ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್. ಆಡಿದ ಟೆಸ್ಟ್ ಎಷ್ಟು ಗೊತ್ತಾ? ಒಂದೇ ಒಂದು, 2012ರಲ್ಲಿ ಪರ್ತ್‌ನಲ್ಲಿ. ಅವರನ್ನು ಸೋತ ಆಟಗಾರ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ವರ್ಷಗಟ್ಟಲೆ, ನೋಡೋಕೆ ನೂರು ಜನರೂ ಇಲ್ಲದ ಗ್ರೌಂಡ್‌ಗಳಲ್ಲಿ, ಬೆಳಗಿನ ಮಂಜಲ್ಲಿ ಬಾಲ್ ಹಿಡಿದು ಓಡಿ ಬಂದವರು ಅವರು. ಕ್ರಿಕೆಟರ್ ಆಗೋದು ಅಂದರೆ ಬಹಳ ಮಟ್ಟಿಗೆ ಇದೇ.

ಆಟ ಬಿಟ್ಟ ಮೇಲೂ ಕೆಲಸಗಳಿವೆ. ಅಂಪೈರ್, ಸ್ಕೋರರ್, ವಿಡಿಯೋ ಅನಾಲಿಸ್ಟ್, ಪಿಚ್ ನೋಡಿಕೊಳ್ಳೋದು. ಶ್ರೀನಾಥ್ 2006ರಿಂದ ಐಸಿಸಿಯ ಮ್ಯಾಚ್ ರೆಫರಿ. ಭಾರತ ತಂಡದ ಬ್ಯಾಟ್ಸ್‌ಮನ್‌ಗಳಿಗೆ ನೆಟ್ಸಲ್ಲಿ ಸೈಡ್‌ಆರ್ಮ್ (ಬಾಲ್ ಎಸೆಯೋ ಉದ್ದ ಹಿಡಿಕೆ) ಹಿಡಿದು ವೇಗದ ಬಾಲ್ ಎಸೆಯೋ ರಾಘವೇಂದ್ರ ನಮ್ಮ ಕುಮಟಾದವರು, ದೊಡ್ಡ ದೊಡ್ಡ ಆಟಗಾರರೇ ಅವರ ಋಣ ನೆನೆಯುತ್ತಾರೆ.

ಬೌಲ್ ಮಾಡುವಾಗ ಸೊಂಟದ ಮೇಲೆ ಒಂದೇ ಕಡೆ ನೋವು. ಮುಂದಿನ ತಿಂಗಳು ಸೆಲೆಕ್ಷನ್ ಇದೆ. ಸ್ಪ್ರೇ ಹೊಡ್ಕೊಂಡು ಆಡ್ಲಾ? (ಶ್ರೀರಂಗಪಟ್ಟಣ, 16 ವರ್ಷ)

ಬೇಡ. ದಯವಿಟ್ಟು ಬೇಡ. ಇವತ್ತೇ ಅಪ್ಪ ಅಮ್ಮನಿಗೆ ಹೇಳಿ ಮೂಳೆ ಡಾಕ್ಟರ್ ಹತ್ತಿರ ಹೋಗು. ನಿನ್ನ ವಯಸ್ಸಲ್ಲಿ ಬೆನ್ನಿನ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರೋದಿಲ್ಲ. ಬೌಲ್ ಮಾಡುವಾಗ ಪ್ರತಿ ಸಲ ಮುಂಗಾಲು ನೆಲಕ್ಕೆ ಬಡಿಯೋ ಹೊತ್ತಿಗೆ ಮೈ ತಿರುಚಿ ಬಾಗುತ್ತೆ, ಆ ಭಾರವೆಲ್ಲ ಸೊಂಟದ ಹತ್ತಿರದ ಒಂದು ಸಣ್ಣ ಜಾಗದ ಮೇಲೆ ಬೀಳುತ್ತೆ. ಬಿಡುವಿಲ್ಲದೆ ಹಾಕುತ್ತಾ ಹೋದರೆ ಅಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತೆ. ಒಂದೇ ಕಡೆ ನೋವು, ಅದೂ ಬೌಲ್ ಮಾಡಿದಾಗ ಮಾತ್ರ ಅಂದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲೇ ಮೂಳೆ ಕೂಡಿಕೊಳ್ಳುತ್ತೆ, ಸ್ಪ್ರೇ ಹೊಡೆದು ಮುಚ್ಚಿಟ್ಟರೆ ಬಿರುಕು ದೊಡ್ಡದಾಗುತ್ತೆ. ಜಸ್‌ಪ್ರೀತ್ ಬುಮ್ರಾಗೇ 2023ರಲ್ಲಿ ಬೆನ್ನಿನ ಆಪರೇಷನ್ ಆಯಿತು, ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದು ಆಮೇಲೇ ಬಂದರು.

ನಾನು ನಿನ್ನ ವಯಸ್ಸಲ್ಲಿ ಇದೇ ತಪ್ಪು ಮಾಡಿದೆ. ಶನಿವಾರ ಕಾಲೇಜು ಮ್ಯಾಚ್, ಭಾನುವಾರ ಕ್ಲಬ್ ಮ್ಯಾಚ್, ಮಧ್ಯೆ ನೆಟ್ಸಲ್ಲಿ ಯಾರು ಕರೆದರೂ ಬೌಲಿಂಗ್. ನೋವಿದೆ ಅಂದಾಗ ನಮ್ಮ ಕೋಚ್ ಸುಮ್ನೆ ಆಡು, ಮೈ ಬಿಸಿಯಾದರೆ ಹೋಗುತ್ತೆ ಅಂದರು. ಮೂರು ತಿಂಗಳು ಹಾಗೇ ಆಡಿದೆ. ಆಮೇಲೆ ಫಾಸ್ಟ್ ಬೌಲಿಂಗ್ ಅನ್ನೋದೇ ನನ್ನ ಕೈಬಿಟ್ಟು ಹೋಯಿತು. ಈಗಲೂ ತುಂಬಾ ಹೊತ್ತು ನಿಂತರೆ ಅದೇ ಜಾಗ ಹಿಡಿದುಕೊಳ್ಳುತ್ತೆ. ಒಂದು ಸೆಲೆಕ್ಷನ್ ತಪ್ಪಿದರೆ ಮುಂದಿನ ವರ್ಷ ಇನ್ನೊಂದಿದೆ, ತಮ್ಮಾ. ರಿಪೋರ್ಟ್ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರಿ, ಕಾಯುತ್ತಿರುತ್ತೇನೆ.

ಇಂಜಿನಿಯರಿಂಗ್ ಮಧ್ಯದಲ್ಲಿ ಆಟ ನಿಲ್ಲಿಸಿದ್ರೆ ಮತ್ತೆ ವಾಪಸ್ ಬರೋಕೆ ಆಗುತ್ತಾ? (ಮೈಸೂರು)

ಸ್ಪಿನ್ ಬೌಲರ್ ಎರಪಳ್ಳಿ ಪ್ರಸನ್ನ ನಿಮ್ಮೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನವರು. 1962ರಲ್ಲಿ ಎರಡು ಟೆಸ್ಟ್ ಆಡಿ, ಓದು ಮುಗಿಸೋಕೆ ಅಂತ ಹಿಂದೆ ಸರಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ವಾಪಸ್ ಬಂದವರು ಒಟ್ಟು 49 ಟೆಸ್ಟಲ್ಲಿ 189 ವಿಕೆಟ್ ತೆಗೆದರು. 20ನೇ ಟೆಸ್ಟಿಗೇ ನೂರು ವಿಕೆಟ್ ಆಗಿತ್ತು, ಅಶ್ವಿನ್ ಬರೋವರೆಗೂ ಭಾರತದಲ್ಲಿ ಯಾರೂ ಅದನ್ನು ಮುರಿಯಲಿಲ್ಲ. ಆ ಕಾಲದಲ್ಲಿ ಪೈಪೋಟಿ ಈಗಿನಷ್ಟು ಇರಲಿಲ್ಲ, ನಿಜ. ಪೂರ್ತಿ ನಿಲ್ಲಿಸಬೇಡಿ, ಯೂನಿವರ್ಸಿಟಿ ತಂಡಕ್ಕಾದರೂ ಆಡುತ್ತಾ ಇರಿ.

ಮಗಳು ಹುಡುಗರ ಜೊತೆ ಆಡ್ತಾಳೆ, 12 ವರ್ಷ. ಹೆಣ್ಣುಮಕ್ಕಳಿಗೆ ಇದರಲ್ಲಿ ಭವಿಷ್ಯ ಇದ್ಯಾ? (ಪಾಂಡವಪುರ)

ಇದೆ, ಹಿಂದೆಂದಿಗಿಂತ ಜಾಸ್ತಿ ಇದೆ. 2022ರಿಂದ ಭಾರತಕ್ಕೆ ಆಡೋ ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಮ್ಯಾಚ್ ಫೀ. 2023ರಿಂದ ಮಹಿಳಾ ಪ್ರೀಮಿಯರ್ ಲೀಗ್ ಇದೆ. 2025ರ ನವೆಂಬರ್‌ನಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದಾಗ ನೀವೂ ನೋಡಿರುತ್ತೀರಿ. ಪಕ್ಕದ ಮೈಸೂರಿನ ಶುಭಾ ಸತೀಶ್ 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ಮೇಲೆ ಮೊದಲ ಟೆಸ್ಟಲ್ಲೇ 69 ರನ್ ಹೊಡೆದರು. ಹುಡುಗರ ಜೊತೆಯೇ ಆಡಲಿ, ವೇಗದ ಬಾಲ್ ಎದುರಿಸೋ ಅಭ್ಯಾಸ ಅಲ್ಲೇ ಆಗೋದು. ಆದರೆ ಹಗುರವಾದ ಬ್ಯಾಟ್ ಕೊಡಿಸಿ, ಅಣ್ಣನ ಬ್ಯಾಟ್ ಕೊಡಬೇಡಿ.

2010ರ ರಣಜಿ ಫೈನಲ್ ಗಂಗೋತ್ರಿ ಗ್ರೌಂಡಲ್ಲಿ ನೋಡಿದವನು ನಾನು. ಅಂಥ ಮ್ಯಾಚ್ ಮತ್ತೆ ಮೈಸೂರಿಗೆ ಬರುತ್ತಾ? (ನಿವೃತ್ತ ಮೇಷ್ಟ್ರು, ಸರಸ್ವತಿಪುರಂ)

ಮೇಷ್ಟ್ರೇ, ನಾನೂ ಅಲ್ಲೇ ಇದ್ದೆ! ಸಂಕ್ರಾಂತಿ ಹೊತ್ತು, ಮಾನಸಗಂಗೋತ್ರಿಯ ಮರಗಳ ಮೇಲೆಲ್ಲ ಜನ. ಮುಂಬೈ ಮೇಲೆ ಗೆಲ್ಲೋಕೆ 338 ಬೇಕಿತ್ತು. 20 ವರ್ಷದ ಮನೀಶ್ ಪಾಂಡೆ 144 ಹೊಡೆದರು. ಆರು ರನ್‌ಗೆ ಸೋತೆವು. ಬಾಲ್ ಬಾಲ್‌ಗೂ ಕೂಗುತ್ತಿದ್ದ ಜನ ಕೊನೆ ವಿಕೆಟ್ ಬಿದ್ದಾಗ ಗಪ್‌ಚಿಪ್. ನನ್ನ ಪಕ್ಕದಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗ ಅಳುತ್ತಿದ್ದ, ಅವರಪ್ಪ ಏನೂ ಹೇಳದೆ ಅವನ ತಲೆ ಮೇಲೆ ಕೈಯಿಟ್ಟು ನಿಂತಿದ್ದರು. ಫೈನಲ್ ಮತ್ತೆ ಬರುತ್ತಾ ಅಂದರೆ ತಂಡ ಅಲ್ಲಿಯವರೆಗೆ ಹೋಗಬೇಕು, ಮ್ಯಾಚ್ ಮೈಸೂರಿಗೇ ಕೊಡಬೇಕು, ಎರಡೂ ಕೂಡಿ ಬರಬೇಕು. ಲೀಗ್ ಮ್ಯಾಚ್‌ಗೂ ಹೋಗಿ ಕೂರಿ ಮೇಷ್ಟ್ರೇ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ. ಬೌಂಡರಿ ಗೆರೆಯ ಪಕ್ಕದಲ್ಲೇ ಕೂತು ನೋಡಬಹುದು.