ವಿದ್ಯುತ್ ಬಸ್ ಕಂಪನಿಯ ಷೇರು: ಆರ್ಡರ್ ಸುದ್ದಿಯ ಜೊತೆಗೆ ನೋಡಬೇಕಾದ ಲೆಕ್ಕ

ಮದ್ದೂರಿನ ಸೋದರರು ನಿನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನು, ಓದದೆ ಇದ್ದವರಿಗೂ ತಿಳಿಯಲೆಂದು, ಮೊದಲು ಇಲ್ಲಿ ಹೇಳಿಬಿಡುತ್ತೇನೆ. ಕಬ್ಬಿನ ಬಿಲ್ಲಿನ ಹಣದಲ್ಲಿ ಒಂದು ಪಾಲನ್ನು ಅವರು ವಿದ್ಯುತ್ ಬಸ್ ತಯಾರಿಸುವ ಹೈದರಾಬಾದಿನ ಒಲೆಕ್ಟ್ರಾ ಗ್ರೀನ್‌ಟೆಕ್ ಕಂಪನಿಯ ಷೇರಿಗೆ ಹಾಕಿದ್ದಾರೆ. ದೊಡ್ಡ ಆರ್ಡರ್ ಸಿಕ್ಕಿದೆ ಎಂಬ ಸುದ್ದಿ ಓದಿ ಕೊಂಡರು, ಕೊಂಡ ಮೇಲೆ ಬೆಲೆ ಇಳಿಯಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆ ಕಂಪನಿಯ ಬಸ್ಸುಗಳು ತುಂಬಿಕೊಂಡು ಓಡುವುದನ್ನು ಕಣ್ಣಾರೆ ಕಾಣುತ್ತಿರುವಾಗ, ಈಗ ಇನ್ನಷ್ಟು ಕೊಂಡು ಸರಾಸರಿ ಬೆಲೆಯನ್ನು ಇಳಿಸಿಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ.

ಕೊಳ್ಳಿ ಅಥವಾ ಮಾರಿ ಎಂದು ಹೇಳುವ ಅಧಿಕಾರ ನನಗಿಲ್ಲ. ನಾನು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರನಲ್ಲ. ಆದರೆ ಸಹಕಾರ ಸಂಘದ ಲೆಕ್ಕಪತ್ರಗಳನ್ನು ಬಹುಕಾಲ ನೋಡಿಕೊಂಡವನಾದ್ದರಿಂದ, ಇಂಥ ಕಂಪನಿಯ ಕಾಗದಗಳಲ್ಲಿ ಎಲ್ಲಿ ಕಣ್ಣಿಡಬೇಕು ಎಂಬುದನ್ನು ಹೇಳಬಲ್ಲೆ. ಆ ಪುಟಗಳನ್ನು ಓದಿದ ಮೇಲೆ ನಿರ್ಧಾರ ನಿಮ್ಮದು.

ಮೊದಲು ತುಂಬಿದ ಬಸ್ಸಿನ ಮಾತು. ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ಬಸ್ಸುಗಳು 2023ರ ಜನವರಿಯಲ್ಲಿ ಬೆಂಗಳೂರು–ಮೈಸೂರು ಮಾರ್ಗದಲ್ಲಿಯೇ ಸಂಚಾರ ಆರಂಭಿಸಿದವು. ಅವು ಒಲೆಕ್ಟ್ರಾ ತಯಾರಿಸಿದ ಬಸ್ಸುಗಳೇ ಹೌದು. ಆದರೆ ಅವನ್ನು ನಿಗಮ ಹಣ ಕೊಟ್ಟು ಕೊಂಡಿಲ್ಲ. ಬಸ್ಸಿನ ಮಾಲೀಕತ್ವ ಮತ್ತು ನಿರ್ವಹಣೆ ಗುತ್ತಿಗೆದಾರ ಸಂಸ್ಥೆಯದು, ಟಿಕೆಟ್ ಹಣ ನಿಗಮದ್ದು, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ನಿಗಮ ಸಂಸ್ಥೆಗೆ ಪಾವತಿಸುತ್ತದೆ. ಇದನ್ನು ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್, ಚಿಕ್ಕದಾಗಿ ಜಿಸಿಸಿ ಎನ್ನುತ್ತಾರೆ. ದೇಶದ ಬಹುತೇಕ ಸರ್ಕಾರಿ ವಿದ್ಯುತ್ ಬಸ್ಸುಗಳು ಇಂದು ಈ ಪದ್ಧತಿಯಲ್ಲೇ ಓಡುತ್ತಿವೆ, ಗುತ್ತಿಗೆಯ ಅವಧಿ ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ಇರುತ್ತದೆ. ಹೀಗಿರುವಾಗ ಬಸ್ಸಿನಲ್ಲಿ ನಲವತ್ತು ಜನ ಕೂತಿದ್ದರೂ ನಾಲ್ಕೇ ಜನ ಕೂತಿದ್ದರೂ ಗುತ್ತಿಗೆದಾರನ ಕಿಲೋಮೀಟರ್ ದರದಲ್ಲಿ ವ್ಯತ್ಯಾಸವಾಗುವುದಿಲ್ಲ. ಬಸ್ಸು ಎಷ್ಟು ತುಂಬಿದೆ ಎಂಬುದು ನಿಗಮದ ಆದಾಯದ ವಿಷಯ. ನಿಮ್ಮ ಷೇರಿಗೆ ಸಂಬಂಧಿಸಿದ್ದು ಮೂರೇ ಸಂಗತಿ: ಬಸ್ಸು ಎಷ್ಟು ಬೇಗ ತಯಾರಾಗಿ ಹೊರಬಿತ್ತು, ಎಷ್ಟು ಬೆಲೆಗೆ ಮಾರಾಟವಾಯಿತು, ಆ ಹಣ ಯಾವಾಗ ಬ್ಯಾಂಕಿಗೆ ಬಂತು.

ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಕಟಾವಿಗೆ ಅನುಮತಿ ಸಿಕ್ಕಿತು ಎಂದ ಮಾತ್ರಕ್ಕೆ ಯಾರೂ ಮಗಳ ಮದುವೆಗೆ ಛತ್ರ ಗೊತ್ತುಮಾಡುವುದಿಲ್ಲ. ಲಾರಿ ಹೋಗಬೇಕು, ತೂಕವಾಗಬೇಕು, ಬಿಲ್ಲಾಗಬೇಕು, ಹಣ ಖಾತೆಗೆ ಜಮೆಯಾಗಬೇಕು. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದಾದರೂ ಬಾಕಿಗಾಗಿ ಕಾರ್ಖಾನೆಯ ಮುಂದೆ ಕೂತ ವರ್ಷಗಳು ನಮಗೆಲ್ಲ ನೆನಪಿವೆ. ಬಸ್ಸಿನ ಆರ್ಡರಿಗೂ ಬಸ್ಸಿನ ಹಣಕ್ಕೂ ನಡುವೆ ಅಷ್ಟೇ ದೂರವಿದೆ.

ನೀವು ಓದಿದ ಆರ್ಡರಿನ ಸುದ್ದಿಯನ್ನೇ ತೆಗೆದುಕೊಳ್ಳೋಣ. ಮಹಾರಾಷ್ಟ್ರದ ರಾಜ್ಯ ಸಾರಿಗೆ ನಿಗಮದಿಂದ 5,150 ವಿದ್ಯುತ್ ಬಸ್ಸುಗಳಿಗೆ ಸಮ್ಮತಿ ಪತ್ರ (ಗುತ್ತಿಗೆಗೆ ಸಹಿ ಬೀಳುವ ಮೊದಲು ಕೊಡುವ ಪತ್ರ) ಸಿಕ್ಕಿತೆಂದು 2023ರ ಜುಲೈನಲ್ಲಿ ಪ್ರಕಟವಾಯಿತು. ಮೌಲ್ಯ ಸುಮಾರು 10,000 ಕೋಟಿ ರೂ., ಬಸ್ಸುಗಳನ್ನು ಒದಗಿಸಲು 24 ತಿಂಗಳ ಅವಧಿ ಎಂದು ಕಂಪನಿ ತಿಳಿಸಿತ್ತು. ಷೇರಿನ ಬೆಲೆ ಏರಿತು. ಆದರೆ ಬಸ್ಸುಗಳು ಹೇಳಿದ ವೇಗದಲ್ಲಿ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಆ ರಾಜ್ಯದ ಸಾರಿಗೆ ಸಚಿವರೇ ವಿಳಂಬದ ಕಾರಣಕ್ಕೆ ಗುತ್ತಿಗೆಯನ್ನು ರದ್ದುಪಡಿಸುವಂತೆ ಅಧಿಕಾರಿಗಳಿಗೆ ಸೂಚಿಸಿದ ಸುದ್ದಿ ಬಂದಾಗ ಷೇರು ಕುಸಿಯಿತು. ಇದರಿಂದ ಕಂಪನಿ ಕೆಟ್ಟದ್ದೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಎರಡು ವರ್ಷದಲ್ಲಿ ಐದು ಸಾವಿರ ಬಸ್ಸು ಕಟ್ಟಬೇಕಾದರೆ ಕಾರ್ಖಾನೆಯ ಸಾಮರ್ಥ್ಯ ಎಷ್ಟಿರಬೇಕು, ಹಿಂದಿನ ಇಡೀ ವರ್ಷದಲ್ಲಿ ಅದು ಎಷ್ಟು ಬಸ್ಸು ಕಟ್ಟಿತ್ತು ಎಂಬ ಒಂದೇ ಭಾಗಾಕಾರವನ್ನು 2023ರಲ್ಲಿಯೇ ಮಾಡಿ ನೋಡಿದ್ದವರಿಗೆ ಆ ಆರ್ಡರಿನ ನಿಜವಾದ ತೂಕ ತಿಳಿದಿರುತ್ತಿತ್ತು ಎಂಬುದಷ್ಟೇ ನನ್ನ ಮಾತು.

ಇದೇ ಆರ್ಡರಿನಲ್ಲಿ ಇನ್ನೊಂದು ಅಂಶವಿದೆ, ಸಣ್ಣ ಹೂಡಿಕೆದಾರರು ಹೆಚ್ಚಾಗಿ ಅದನ್ನು ಗಮನಿಸದೆ ದಾಟಿಬಿಡುತ್ತಾರೆ. ಸಮ್ಮತಿ ಪತ್ರ ಸಿಕ್ಕದ್ದು ಒಲೆಕ್ಟ್ರಾ ಮತ್ತು ಈವೀ ಟ್ರಾನ್ಸ್ ಎಂಬ ಸಂಸ್ಥೆಯ ಜಂಟಿ ಕೂಟಕ್ಕೆ. ಈವೀ ಟ್ರಾನ್ಸ್ ಬಸ್ಸುಗಳನ್ನು ಒಲೆಕ್ಟ್ರಾದಿಂದ ಕೊಳ್ಳುತ್ತದೆ. ಎರಡೂ ಮೇಘಾ ಎಂಜಿನಿಯರಿಂಗ್ ಸಮೂಹಕ್ಕೆ ಸೇರಿದವು. ಆದ್ದರಿಂದ ಬಸ್ಸಿನ ಮಾರಾಟವನ್ನು ಕಂಪನಿಯೇ ತನ್ನ ಪ್ರಕಟಣೆಗಳಲ್ಲಿ ‘ಸಂಬಂಧಿತ ಪಕ್ಷದ ವ್ಯವಹಾರ’ ಎಂದು ಹೇಳುತ್ತದೆ. ಇದು ಕಾನೂನುಬದ್ಧವಾದ ವ್ಯವಸ್ಥೆ, ಮುಚ್ಚಿಟ್ಟದ್ದೇನೂ ಇಲ್ಲ. ಆದರೂ ಪರಿಣಾಮವನ್ನು ಯೋಚಿಸಿ: ಬಸ್ಸು ಹಸ್ತಾಂತರವಾದೊಡನೆ ತಯಾರಕ ಕಂಪನಿಯ ಪುಸ್ತಕದಲ್ಲಿ ಮಾರಾಟವೂ ಲಾಭವೂ ದಾಖಲಾಗುತ್ತವೆ, ಹಣ ಬರಬೇಕಾದರೆ ಮಾತ್ರ ಕೊಂಡ ಸಂಸ್ಥೆಗೆ ಬ್ಯಾಂಕ್ ಸಾಲ ಸಿಗಬೇಕು, ಸಬ್ಸಿಡಿ ಕಂತುಗಳು ಬಿಡುಗಡೆಯಾಗಬೇಕು, ಸಾರಿಗೆ ನಿಗಮ ತಿಂಗಳ ಬಿಲ್ಲನ್ನು ಪಾವತಿಸಬೇಕು. ಈ ಸರಪಳಿಯಲ್ಲಿ ಎಲ್ಲಿ ತಡವಾದರೂ ಲಾಭ ಕಾಗದದ ಮೇಲೆ ಉಳಿಯುತ್ತದೆ, ಬಾಕಿ ಬೆಳೆಯುತ್ತದೆ.

ಇದನ್ನು ನೀವೇ ಪತ್ತೆಹಚ್ಚುವ ವಿಧಾನ ಹೀಗಿದೆ. ಷೇರುಪೇಟೆಗಳಾದ ಎನ್‌ಎಸ್‌ಇ ಅಥವಾ ಬಿಎಸ್‌ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಹಣಕಾಸು ಫಲಿತಾಂಶದ ಪಿಡಿಎಫ್ ತೆರೆಯಿರಿ. ಆಸ್ತಿ–ಹೊಣೆಗಳ ಪಟ್ಟಿಯು ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯದ ಫಲಿತಾಂಶಗಳೊಂದಿಗೆ ಬರುತ್ತದೆ. ಅದರಲ್ಲಿ ‘ಟ್ರೇಡ್ ರಿಸೀವಬಲ್ಸ್’ ಎಂಬ ಸಾಲಿದೆ. ಅದು ಗಿರಾಕಿಗಳಿಂದ ಬರಬೇಕಾದ ಬಾಕಿ. ಉದಾಹರಣೆಗೆ ಒಂದು ಕಂಪನಿಯ ವರ್ಷದ ಮಾರಾಟ 1,800 ಕೋಟಿ, ಬಾಕಿ 600 ಕೋಟಿ ಎಂದುಕೊಳ್ಳಿ. 600ನ್ನು 1,800ರಿಂದ ಭಾಗಿಸಿ 365ರಿಂದ ಗುಣಿಸಿದರೆ ಸುಮಾರು 122 ದಿನ ಬರುತ್ತದೆ. ಎಂದರೆ ಬಸ್ಸು ಕೊಟ್ಟ ನಾಲ್ಕು ತಿಂಗಳ ನಂತರ ಹಣ ಕೈಸೇರುತ್ತಿದೆ. ಒಂದು ವರ್ಷದ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಮೂರು ನಾಲ್ಕು ವರ್ಷಗಳ ಲೆಕ್ಕವನ್ನು ಒಂದರ ಕೆಳಗೊಂದು ಬರೆದು, ದಿನಗಳು ಹೆಚ್ಚುತ್ತಿವೆಯೋ ಇಳಿಯುತ್ತಿವೆಯೋ ನೋಡಿ. ಆಮೇಲೆ ನಗದು ಹರಿವಿನ ಪಟ್ಟಿಗೆ ಹೋಗಿ, ವ್ಯವಹಾರದಿಂದ ಬಂದ ನಿವ್ವಳ ನಗದನ್ನು ಅದೇ ವರ್ಷದ ಲಾಭದ ಪಕ್ಕದಲ್ಲಿ ಬರೆಯಿರಿ. ಲಾಭ ವರ್ಷವರ್ಷವೂ ಏರುತ್ತ ನಗದು ಮಾತ್ರ ಮೈನಸ್ಸಿನಲ್ಲೇ ಉಳಿದಿದ್ದರೆ, ಎಂಥ ಆರ್ಡರಿನ ಸುದ್ದಿ ಬಂದರೂ ನಾನು ಒಂದು ಷೇರನ್ನೂ ಹೆಚ್ಚಿಗೆ ಕೊಳ್ಳುವುದಿಲ್ಲ. ವಾರ್ಷಿಕ ವರದಿಯಲ್ಲಿ ಬಾಕಿಯು ಎಷ್ಟು ಹಳೆಯದು, ಅದರಲ್ಲಿ ಸಂಬಂಧಿತ ಪಕ್ಷಗಳದ್ದೆಷ್ಟು ಎಂಬ ವಿವರವೂ ಟಿಪ್ಪಣಿಗಳಲ್ಲಿ ಸಿಗುತ್ತದೆ. ವರದಿ ದಪ್ಪನಾಗಿದ್ದರೂ ನಮಗೆ ಬೇಕಾದ ಪುಟಗಳು ಕೆಲವೇ.

ತಯಾರಿಕೆಯ ವೇಗವನ್ನು ಪರೀಕ್ಷಿಸಲು ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಡ್ಯಾಶ್‌ಬೋರ್ಡ್ ಇದೆ. ಯಾವ ತಯಾರಕರ ಎಷ್ಟು ವಾಹನ ಯಾವ ತಿಂಗಳಲ್ಲಿ ನೋಂದಣಿಯಾಯಿತು ಎಂಬುದನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ತೆಲಂಗಾಣದ ನೋಂದಣಿಗಳು ಬಹುಕಾಲ ಅದರಲ್ಲಿ ಸೇರಿರಲಿಲ್ಲವಾದ್ದರಿಂದ ಹೈದರಾಬಾದಿನಲ್ಲಿ ಓಡುವ ಬಸ್ಸುಗಳ ಲೆಕ್ಕ ತಪ್ಪಿಹೋಗಬಹುದು, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನಿಗಮಗಳು ಹಣ ಕೊಡದಿದ್ದರೆ ಗತಿಯೇನು ಎಂಬ ಭಯ ಬ್ಯಾಂಕುಗಳಿಗೂ ಇತ್ತು. ಅದಕ್ಕಾಗಿಯೇ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ 3,435 ಕೋಟಿ ರೂ.ಗಳ ಪಾವತಿ ಭದ್ರತಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಗಮ ಪಾವತಿ ತಪ್ಪಿಸಿದರೆ ಆ ನಿಧಿಯಿಂದ ಗುತ್ತಿಗೆದಾರನಿಗೆ ಹಣ ಸಂದಾಯವಾಗುತ್ತದೆ, ನಂತರ ಅದನ್ನು ರಾಜ್ಯದಿಂದ ವಸೂಲು ಮಾಡಲಾಗುತ್ತದೆ. ಅದೇ ತಿಂಗಳು ಒಪ್ಪಿಗೆ ಪಡೆದ ವಿದ್ಯುತ್ ವಾಹನಗಳಿಗೆ ಸಬ್ಸಿಡಿ ಕೊಡುವ 10,900 ಕೋಟಿ ರೂ.ಗಳ ಪಿಎಂ ಇ–ಡ್ರೈವ್ ಯೋಜನೆಯಲ್ಲಿ 14,028 ಬಸ್ಸುಗಳಿಗೆ 4,391 ಕೋಟಿ ರೂ. ತೆಗೆದಿಡಲಾಗಿದೆ. ಇವು ಇಡೀ ಉದ್ಯಮಕ್ಕೆ ಒಳ್ಳೆಯವು, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಟೆಂಡರಿನಲ್ಲಿ ಟಾಟಾ, ಅಶೋಕ್ ಲೇಲ್ಯಾಂಡಿನ ಸ್ವಿಚ್, ಜೆಬಿಎಂ, ಪಿಎಂಐ ಮುಂತಾದವರೂ ನಿಲ್ಲಬಹುದು, ಕಡಿಮೆ ದರ ಕೇಳಿದವರಿಗೆ ಕೆಲಸ ಸಿಗುತ್ತದೆ. ಯೋಜನೆಯ ಮೊತ್ತವನ್ನು ಒಂದು ಕಂಪನಿಯ ಆದಾಯವೆಂದು ಎಣಿಸುವ ಪೋಸ್ಟುಗಳು ಈ ಗುಂಪಿನಲ್ಲೂ ಬಂದಿವೆ. ದಯವಿಟ್ಟು ಅವನ್ನು ನಂಬಬೇಡಿ.

ಪ್ರಕಟಣೆಯನ್ನು ಪದಪದವಾಗಿ ಓದಬೇಕು ಎನ್ನುವುದಕ್ಕೆ ಜೆನ್ಸೋಲ್ ಎಂಜಿನಿಯರಿಂಗ್ ಪ್ರಕರಣಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 2025ರ ಜನವರಿಯಲ್ಲಿ ಆ ಕಂಪನಿ ತನ್ನ ವಿದ್ಯುತ್ ವಾಹನಕ್ಕೆ 30,000 ಮುಂಗಡ ಬೇಡಿಕೆ ಬಂದಿದೆಯೆಂದು ಷೇರುಪೇಟೆಗೆ ತಿಳಿಸಿತು. ಅವು ಬೆಲೆಯನ್ನಾಗಲಿ ಒದಗಿಸುವ ದಿನಾಂಕವನ್ನಾಗಲಿ ಹೇಳದ, ಬರೀ ಆಸಕ್ತಿ ಸೂಚಿಸುವ ಒಡಂಬಡಿಕೆಗಳೆಂದು ಸೆಬಿ ಏಪ್ರಿಲ್ 15ರ ತನ್ನ ಮಧ್ಯಂತರ ಆದೇಶದಲ್ಲಿ ದಾಖಲಿಸಿತು. ಎನ್‌ಎಸ್‌ಇ ಅಧಿಕಾರಿ ಪುಣೆಯ ಬಳಿಯ ಘಟಕಕ್ಕೆ ಹೋದಾಗ ಅಲ್ಲಿ ತಯಾರಿಕೆಯೇ ನಡೆಯುತ್ತಿರಲಿಲ್ಲ, ಇಬ್ಬರು ಮೂವರು ಕೆಲಸಗಾರರು ಮಾತ್ರ ಇದ್ದರು. ಘಟಕದ ವಿದ್ಯುತ್ ಬಿಲ್ಲನ್ನು ತರಿಸಿ ನೋಡಿದಾಗ ಹಿಂದಿನ ಹನ್ನೆರಡು ತಿಂಗಳಲ್ಲಿ ಅತಿ ಹೆಚ್ಚಿನ ಬಿಲ್ ಸುಮಾರು 1.57 ಲಕ್ಷ ರೂ. ಇತ್ತು. ವಾಹನ ಕಟ್ಟುವ ಕಾರ್ಖಾನೆಯೊಂದಕ್ಕೆ ಅಷ್ಟು ಕರೆಂಟು ಎಲ್ಲಿಗೆ ಸಾಲುತ್ತದೆ? ಅಷ್ಟು ಹೊತ್ತಿಗೆ ಸಣ್ಣ ಷೇರುದಾರರ ಸಂಖ್ಯೆ ಒಂದು ಲಕ್ಷ ದಾಟಿತ್ತು. ಆ ಲಕ್ಷ ಮನೆಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆದ್ದರಿಂದ ಸಮ್ಮತಿ ಪತ್ರ, ಒಡಂಬಡಿಕೆ, ಖರೀದಿ ಆದೇಶ, ಸಹಿಯಾದ ಗುತ್ತಿಗೆ ಇವು ನಾಲ್ಕೂ ಬೇರೆಬೇರೆ ಎಂದು ತಿಳಿದು, ಪ್ರಕಟಣೆಯಲ್ಲಿ ಯಾವ ಪದ ಬಳಸಿದ್ದಾರೆ ನೋಡಿ.

ಹೊರದೇಶದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ವಿದ್ಯುತ್ ಸರಕು ವ್ಯಾನ್ ತಯಾರಿಸುವ ವರ್ಕ್‌ಹಾರ್ಸ್ ಎಂಬ ಕಂಪನಿಗೆ ಅಲ್ಲಿನ ಅಂಚೆ ಇಲಾಖೆಯ ಗುತ್ತಿಗೆ ಸಿಕ್ಕೇ ಸಿಗುತ್ತದೆಂದು ಅಸಂಖ್ಯ ಸಣ್ಣ ಹೂಡಿಕೆದಾರರು ನಂಬಿದ್ದರು. 2021ರ ಫೆಬ್ರುವರಿಯಲ್ಲಿ ಅದು ಆಶ್‌ಕಾಶ್ ಡಿಫೆನ್ಸ್‌ಗೆ ಹೋಯಿತು, ಷೇರು ಒಂದೇ ದಿನದಲ್ಲಿ ಹೆಚ್ಚುಕಡಿಮೆ ಅರ್ಧವಾಯಿತು. ಅಲ್ಲಿಗೆ ಮುಗಿಯಲಿಲ್ಲ, ನಷ್ಟ ತುಂಬಲು ಕಂಪನಿ ಹೊಸ ಷೇರುಗಳನ್ನು ಹೊರಡಿಸುತ್ತಲೇ ಹೋಗಿ, 2024ರಲ್ಲಿ ಇಪ್ಪತ್ತು ಷೇರನ್ನು ಒಂದಾಗಿ ಕೂಡಿಸಬೇಕಾಯಿತು. ‘ಸರಾಸರಿ’ ಮಾಡುತ್ತ ಬಂದವರ ಪಾಲು ಕರಗುತ್ತಲೇ ಇತ್ತು. ವಿದ್ಯುತ್ ಬಸ್ ತಯಾರಿಸುತ್ತಿದ್ದ ಪ್ರೊಟೆರಾ 2023ರಲ್ಲಿ, ಟ್ರಕ್ಕಿನ ನಿಕೋಲಾ 2025ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದವು. ವಾಹನಕ್ಕೆ ಬೇಡಿಕೆ ಇದ್ದರೂ ತಯಾರಕರ ಕೈಯಲ್ಲಿ ನಗದು ಮುಗಿದುಹೋಗಬಹುದು. ಆದ್ದರಿಂದ ನಿಮ್ಮ ಕಂಪನಿಯ ಒಟ್ಟು ಷೇರುಗಳ ಸಂಖ್ಯೆ ಏರುತ್ತಿದೆಯೇ, ಪ್ರವರ್ತಕರು (ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಮುಖ್ಯ ಮಾಲೀಕರು) ತಮ್ಮ ಷೇರನ್ನು ಅಡವಿಟ್ಟಿದ್ದಾರೆಯೇ ಎಂಬುದನ್ನು ಮೂರು ತಿಂಗಳಿಗೊಮ್ಮೆ ಬರುವ ಷೇರುದಾರಿಕೆಯ ಪಟ್ಟಿಯಲ್ಲಿ ತಪ್ಪದೆ ನೋಡಿ.

ಪಾಂಡವಪುರದವರೊಬ್ಬರು ಇದೇ ಎಳೆಯಲ್ಲಿ, ಬೆಲ್ಲ ಸಾಗಿಸುವ ವಿದ್ಯುತ್ ಗೂಡ್ಸ್ ಆಟೋ ಕಂಪನಿಗಳ ಷೇರು ಕೊಳ್ಳಬಹುದೇ ಎಂದು ಕೇಳಿದ್ದಾರೆ. ಮಹೀಂದ್ರಾ ಲಾಸ್ಟ್ ಮೈಲ್ ಮೊಬಿಲಿಟಿ ಮಹೀಂದ್ರಾದ ಅಂಗಸಂಸ್ಥೆಯಾಗಿರುವುದರಿಂದ ಮಾತೃ ಕಂಪನಿಯ ಷೇರಿನ ಮೂಲಕ ಮಾತ್ರ ಅದರಲ್ಲಿ ಪಾಲು ಸಿಗುತ್ತದೆ. ಟಾಟಾ ಏಸ್ ವಿದ್ಯುತ್ ಗಾಡಿಯನ್ನು ನೋಡಿ ಟಾಟಾ ಷೇರು ಕೊಳ್ಳುವವರು, 2025ರ ಅಕ್ಟೋಬರಿನಲ್ಲಿ ಆ ಕಂಪನಿ ಎರಡಾಗಿದೆ ಎಂಬುದನ್ನು ಗಮನಿಸಬೇಕು: ವಾಣಿಜ್ಯ ವಾಹನಗಳದ್ದು ಒಂದು, ಕಾರುಗಳದ್ದು ಇನ್ನೊಂದು. ಇಂಥ ಹಳೆಯ ಕಂಪನಿಗಳಿಗೆ ಡೀಸೆಲ್ ಲಾರಿಗಳ ಗಳಿಕೆ ಬೆನ್ನಿಗಿರುತ್ತದೆ, ಹೀಗಾಗಿ ವಿದ್ಯುತ್ ವಾಹನದ ಆರಂಭದ ನಷ್ಟವನ್ನು ಅವು ತಾಳಿಕೊಳ್ಳಬಲ್ಲವು. ಆದರೆ ಏರಿಕೆಯೂ ನಿಧಾನ.

ಈಗ ಸರಾಸರಿ ಮಾಡುವ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಬೆಲೆ ಇಳಿದಿದೆ ಎಂಬುದು ಕೊಳ್ಳಲು ಕಾರಣವಲ್ಲ. ಮೇಲೆ ಹೇಳಿದ ಬಾಕಿಯ ದಿನಗಳು ಇಳಿಯುತ್ತಿದ್ದು, ನಗದು ಬರುತ್ತಿದ್ದು, ತಿಂಗಳ ನೋಂದಣಿ ಏರುತ್ತಿದ್ದರೆ ಮಾತ್ರ ಮುಂದಿನ ಯೋಚನೆ. ಹಾಗಿದ್ದರೂ ಮುಂದಿನ ಬೆಳೆಯ ಗೊಬ್ಬರ, ಕೂಲಿ, ಮಕ್ಕಳ ಶುಲ್ಕ ಇವುಗಳನ್ನು ತೆಗೆದಿಟ್ಟು ಮಿಕ್ಕ ಹಣದಲ್ಲಿ ಮಾತ್ರ. ವ್ಯವಸಾಯ ಸೇವಾ ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲವನ್ನು ಷೇರಿಗೆ ತಿರುಗಿಸುವವರನ್ನು ಕಂಡಿದ್ದೇನೆ. ಅದು ಬೆಳೆಗೆಂದು ಕೊಟ್ಟ ಹಣ. ಗಡುವು ತಪ್ಪಿದರೆ ಬಡ್ಡಿಯ ರಿಯಾಯಿತಿಯೂ ಹೋಗುತ್ತದೆ. ದಲ್ಲಾಳಿ ಆ್ಯಪ್‌ಗಳು ಮುಂದೊಡ್ಡುವ ಮಾರ್ಜಿನ್ ಸಾಲವಂತೂ ಬೇಡವೇ ಬೇಡ: ಬೆಲೆ ಇನ್ನಷ್ಟು ಇಳಿದು ನೀವು ಹೆಚ್ಚಿನ ಹಣ ಕಟ್ಟದಿದ್ದರೆ ನಿಮ್ಮ ಷೇರನ್ನು ಅವರೇ ಮಾರಿಬಿಡುತ್ತಾರೆ. ಕೃಷಿ ಆದಾಯಕ್ಕೆ ಇರುವ ತೆರಿಗೆ ವಿನಾಯಿತಿ ಷೇರಿನ ಲಾಭಕ್ಕೆ ಇಲ್ಲ. ವರ್ಷದೊಳಗೆ ಮಾರಿದರೆ ಶೇ 20, ವರ್ಷದ ನಂತರ ಮಾರಿದರೆ 1.25 ಲಕ್ಷ ರೂ. ಮೀರಿದ ಲಾಭಕ್ಕೆ ಶೇ 12.5.

ಟೆಲಿಗ್ರಾಂನಲ್ಲಿ ‘ಗುರಿ ಬೆಲೆ’ ಕೊಡುವವರ ಬಗ್ಗೆಯೂ ಕೇಳಿದ್ದೀರಿ. ಸೆಬಿಯ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದ ಪಟ್ಟಿಯಲ್ಲಿ ಅದನ್ನು ಹುಡುಕಿ. ಇಲ್ಲದಿದ್ದರೆ ಆ ಗುಂಪಿನಿಂದ ಹೊರಬನ್ನಿ.

ಸೆಪ್ಟೆಂಬರ್ ತ್ರೈಮಾಸಿಕದ ಫಲಿತಾಂಶವನ್ನು ಕಂಪನಿಗಳು ನಲವತ್ತೈದು ದಿನದೊಳಗೆ, ಎಂದರೆ ನವೆಂಬರ್ 14ರೊಳಗೆ ಪ್ರಕಟಿಸಬೇಕು. ಅದು ಬಂದ ದಿನ ಮಾರಾಟ, ಬಾಕಿ, ವ್ಯವಹಾರದ ನಗದು ಈ ಮೂರು ಸಂಖ್ಯೆಗಳನ್ನು ಹಿಂದಿನ ವರ್ಷಗಳ ಸಂಖ್ಯೆಗಳೊಡನೆ ಒಂದು ಹಾಳೆಯಲ್ಲಿ ಬರೆದು ಅದರ ಚಿತ್ರವನ್ನು ಇಲ್ಲಿ ಹಾಕಿ. ಅಲ್ಲಿಯವರೆಗೆ ಹೊಸದಾಗಿ ಏನನ್ನೂ ಕೊಳ್ಳದೆ ಇರಿ. ಹಾಳೆ ಬಂದ ಮೇಲೆ ಎಲ್ಲರೂ ಕೂತು ಸಾಲುಸಾಲಾಗಿ ನೋಡೋಣ.