ಎಫ್‌ಡಿ ಇಡಲು ಹೋದರೆ ಬ್ಯಾಂಕಿನವರು ವಿಮೆ ಪಾಲಿಸಿಗೆ ಒತ್ತಾಯ ಮಾಡುತ್ತಾರೆ. ಹೇಗೆ ತಪ್ಪಿಸಿಕೊಳ್ಳಲಿ?

"ಇವತ್ತೇ ಕೊನೆ ದಿನ ಸರ್" ಅಂದರೆ ಇವತ್ತು ಸಹಿ ಹಾಕಲೇಬೇಡಿ. ಆ ಆತುರ ಅವರ ಟಾರ್ಗೆಟ್‌ನದು, ನಿಮ್ಮದಲ್ಲ ಅಲ್ವಾ? "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬನ್ನಿ. ಕಾರಣ ವಿವರಿಸಬೇಡಿ, ಪ್ರತಿ ಕಾರಣಕ್ಕೂ ಅವರ ಬಳಿ ಉತ್ತರ ಸಿದ್ಧವಿರುತ್ತದೆ. ಎಫ್‌ಡಿ ಅಂದುಕೊಂಡು ವರ್ಷ ವರ್ಷ ಕಂತು ಕಟ್ಟುವ ಪಾಲಿಸಿ ತಗೊಂಡ ಹಿರಿಯರನ್ನು ಕಂಡರೆ ಸಂಕಟವಾಗುತ್ತದೆ. ಲಾಕರ್ ಬೇಕಾದರೆ ಪಾಲಿಸಿ ಮಾಡಿಸಲೇಬೇಕು ಎನ್ನುವುದೂ ಸುಳ್ಳು.

ಈಗಾಗಲೇ ಸಹಿ ಹಾಕಿದ್ದರೆ? ಪಾಲಿಸಿ ಪತ್ರ ಕೈಗೆ ಬಂದ 30 ದಿನದೊಳಗೆ ರದ್ದು ಮಾಡಿಸಬಹುದು. ಇದಕ್ಕೆ ಫ್ರೀ ಲುಕ್ ಅವಧಿ ಅಂತಾರೆ. ಸ್ಟಾಂಪ್ ಸುಂಕ, ವೈದ್ಯಕೀಯ ತಪಾಸಣೆಯ ಖರ್ಚು, ಕಳೆದ ದಿನಗಳ ವಿಮೆ ವೆಚ್ಚ ಹಿಡಿದು ಉಳಿದ ಹಣ ವಾಪಸ್ ಕೊಡುತ್ತಾರೆ. ಬ್ಯಾಂಕಿನವರು "ಮುಂದಿನ ವಾರ ಬನ್ನಿ" ಅಂದರೆ ಸುಮ್ನೆ ಕಾಯಬೇಡಿ, ನೇರವಾಗಿ ವಿಮಾ ಕಂಪನಿಗೇ ಇಮೇಲ್ ಕಳಿಸಿ.