ಮನೆಗೆ ಪಿಸ್ತೂಲು ತರುವ ಮೊದಲು

ತಮ್ಮಾ, ಅಣ್ಣ ಅಂತ ಕರೆದು ಕೇಳಿದ್ದೀಯ. ಮನೆಯ ಹುಡುಗನಿಗೆ ಹೇಳುವ ಹಾಗೇ ಹೇಳುತ್ತೇನೆ. ಅಮೆರಿಕದ ಈ ಡಲ್ಲಾಸ್ ಕಡೆಗೆ ಬಂದು ಎಂಟು ತಿಂಗಳಾಯಿತು, ಪಕ್ಕದ ಬೀದಿಯಲ್ಲಿ ಮೊನ್ನೆ ಕಳ್ಳರು ನುಗ್ಗಿದ್ದರು, ನಿನಗೆ ರಾತ್ರಿ ಪಾಳಿ ಇದ್ದಾಗ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಇಬ್ಬರೇ ಇರುತ್ತಾರೆ, ಯಾವ ಪಿಸ್ತೂಲು ತರಲಿ ಅಂತ ಕೇಳಿದ್ದೀಯ. ನೀನು ಎಚ್-1ಬಿ ಅನ್ನುವ ಕೆಲಸದ ವೀಸಾ, ಹೆಂಡತಿ ಅದರ ಜೊತೆಗೆ ಸಿಗುವ ಎಚ್-4 ಅಲ್ವಾ? ಹಾಗಾದರೆ ಈಗ ಯಾವುದನ್ನೂ ತರಬೇಡ.

ನಮ್ಮ ಈ ಟೆಕ್ಸಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಪರ್ಮಿಟ್ ಇಲ್ಲದೆಯೂ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ಅದನ್ನು ನೋಡಿ ನಮ್ಮವರು ಎಲ್ಲರಿಗೂ ಅವಕಾಶ ಇದೆ ಅಂದುಕೊಳ್ಳುತ್ತಾರೆ. ಆದರೆ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು ಬೇರೆ ಇದೆ. ನಿನ್ನಂಥ ತಾತ್ಕಾಲಿಕ ವೀಸಾದವರು ಬಂದೂಕು ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಗುಂಡಿಗೂ ಅದೇ ಮಾತು. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿಸುತ್ತಾರೆ. ಅದರಲ್ಲಿ ನಿನ್ನ ವೀಸಾದ ಪ್ರಶ್ನೆ ನೇರವಾಗಿಯೇ ಇದೆ. ಸುಳ್ಳು ಬರೆದರೆ ಅದೇ ದೊಡ್ಡ ಅಪರಾಧ. ಬಂದೂಕಿನ ಕೇಸಲ್ಲಿ ಶಿಕ್ಷೆಯಾದರೆ ದೇಶ ಬಿಟ್ಟು ಕಳಿಸುವುದಕ್ಕೂ ಅದು ಸಾಕು.

ಬೇಟೆಯ ಲೈಸೆನ್ಸ್ ಮಾಡಿಸಿಕೋ, ಆಮೇಲೆ ತಗೋಬಹುದು ಅಂತ ನಿನ್ನ ಸಹೋದ್ಯೋಗಿ ಹೇಳಿದನಂತೆ. ಅವನು ಹೇಳಿದ್ದು ಸುಳ್ಳಲ್ಲ, ಕಾನೂನಿನಲ್ಲಿ ಆ ವಿನಾಯಿತಿ ಇದೆ. ಆದರೆ ಆ ಲೈಸೆನ್ಸಿಗೆ ಅವಧಿ ಇರುತ್ತದೆ. ಅದು ಮುಗಿದ ಮಾರನೇ ದಿನ ಪಿಸ್ತೂಲು ಮನೆಯಲ್ಲೇ ಇದ್ದರೆ? ಇಮಿಗ್ರೇಶನ್ ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡ. ನಾನು ಎಚ್-1ಬಿಯಲ್ಲಿದ್ದಾಗ ಗೆಳೆಯರು ಶೂಟಿಂಗ್ ರೇಂಜಿಗೆ ಕರೆದಿದ್ದರು. ವಕೀಲರಿಗೆ ಫೋನ್ ಮಾಡಿ ಕೇಳಿದೆ. ಬಾಡಿಗೆಯ ಪಿಸ್ತೂಲನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದರೂ ಇಟ್ಟುಕೊಂಡ ಲೆಕ್ಕಕ್ಕೆ ಬರಬಹುದು, ಹೋಗಬೇಡಿ ಅಂದರು. ಹೋಗಲಿಲ್ಲ.

ಹಾಗಂತ ನಿನ್ನ ಭಯ ಸಣ್ಣದು ಅಂತ ನಾನು ಹೇಳುವುದಿಲ್ಲ. ಈಗಲೇ ಮಾಡುವ ಕೆಲಸ ಇದೆ. ಮುಂಬಾಗಿಲು ತೆಗೆದು ಚೌಕಟ್ಟಿನ ಕಡೆ ನೋಡು. ಚಿಲಕ ಹೋಗಿ ಕೂರುವ ಜಾಗದಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಅದರ ಒಂದು ಸ್ಕ್ರೂ ಬಿಚ್ಚಿ ನೋಡು. ಎಷ್ಟೋ ಮನೆಗಳಲ್ಲಿ ಅದು ಒಂದು ಇಂಚೂ ಇರುವುದಿಲ್ಲ, ಬರೀ ತೆಳು ಹಲಗೆಯಲ್ಲಿ ನಿಂತಿರುತ್ತದೆ. ಜೋರಾಗಿ ಒದ್ದರೆ ಬೀಗ ಗಟ್ಟಿಯಾಗೇ ಇರುತ್ತದೆ, ಹಲಗೆ ಸೀಳಿ ಬಾಗಿಲು ತೆರೆದುಕೊಳ್ಳುತ್ತದೆ. ಅಲ್ಲಿಗೆ ಮೂರಿಂಚಿನ ಸ್ಕ್ರೂ ಹಾಕಿದರೆ ಒಳಗಿನ ದಪ್ಪ ಮರಕ್ಕೆ ಕಚ್ಚಿಕೊಳ್ಳುತ್ತದೆ. ಕೆಲವೇ ಡಾಲರಿನ ಕೆಲಸ. ಮಲಗುವ ಕೋಣೆಗೂ ಗಟ್ಟಿ ಬಾಗಿಲು, ಬೀಗ ಹಾಕಿಸು. ಸದ್ದಾದರೆ ಮಗುವನ್ನು ಎತ್ತಿಕೊಂಡು ಆ ಕೋಣೆ ಸೇರಿ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು. ವಿಳಾಸ ಮೊದಲು ಹೇಳಬೇಕು. ಇದನ್ನು ಹೆಂಡತಿಯ ಜೊತೆ ಎರಡು ಸಲ ಮಾಡಿ ನೋಡು.

ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಬಂದ ಮೇಲೂ ಬೇಕು ಅನ್ನಿಸಿದರೆ ಆಗ ಆರಿಸು. ಕಾರ್ಡ್ ಬಂದ ಮೇಲೆ ನಾನೂ ಒಂದು ತಗೊಂಡೆ. ಅಂಗಡಿಯವರು ಹೆಂಗಸರಿಗೆ ಅಂತ ಅಂಗೈಯಷ್ಟು ಪುಟ್ಟ ಪಿಸ್ತೂಲು ತೋರಿಸಿದರು. ಗುಂಡು ಏರಿಸಲು ಎಳೆಯುವ ಮೇಲಿನ ಭಾಗ, ಅಂದರೆ ಸ್ಲೈಡ್, ಅದನ್ನು ನನ್ನವಳು ಹಿಂದಕ್ಕೆ ಎಳೆಯಲು ನೋಡಿದಳು. ಬೆರಳು ಬೆಳ್ಳಗಾದವು, ಅರ್ಧಕ್ಕೇ ಜಾರಿತು. ಚಿಕ್ಕದಕ್ಕೆ ಸ್ಪ್ರಿಂಗ್ ಬಿಗಿ, ಹೊಡೆದಾಗ ಒದೆತವೂ ಜಾಸ್ತಿ. ಗ್ಲಾಕ್ 19ರಂಥ ಮಧ್ಯಮ ಗಾತ್ರದ 9 ಎಂಎಂ ಪಿಸ್ತೂಲು ಅವಳ ಕೈಗೆ ಕೂತಿತು. ರಿವಾಲ್ವರ್ ಸರಳ, ಎಳೆಯಲು ಸ್ಲೈಡ್ ಇಲ್ಲ, ಆದರೆ ಟ್ರಿಗರ್ ಬಲು ಗಟ್ಟಿ. ರೇಂಜಿನಲ್ಲಿ ಬಾಡಿಗೆಗೆ ಸಿಗುತ್ತವೆ, ನಾಲ್ಕೈದು ಹೊಡೆದು ನೋಡಿ ಆಮೇಲೆ ತಗೊಳ್ಳಿ. ಇಬ್ಬರ ಕೈಗೂ ಒಗ್ಗದ್ದು ಬೇಡ.

ಇನ್ನೊಂದು ವಿಷಯ ನಮ್ಮವರಿಗೆ ಹೊಳೆಯುವುದಿಲ್ಲ. ಇಲ್ಲಿಯ ಒಳಗೋಡೆ ಇಟ್ಟಿಗೆಯದಲ್ಲ, ಅರ್ಧ ಇಂಚಿನ ಜಿಪ್ಸಂ ಹಲಗೆ. ಪಿಸ್ತೂಲಿನ ಗುಂಡು ಎರಡು ಮೂರು ಗೋಡೆ ದಾಟಿ ಹೋಗುತ್ತದೆ. ಮಗಳ ಮಂಚ ಯಾವ ಗೋಡೆಯ ಆಚೆ ಇದೆ ಅಂತ ಮೊದಲೇ ನೋಡಿಕೊಂಡಿರಬೇಕು. ಕತ್ತಲಲ್ಲಿ ಯಾರು ಅಂತ ಕಾಣದೆ ಬೆರಳು ಟ್ರಿಗರ್ ಮೇಲೆ ಹೋಗಲೇಬಾರದು, ಅದಕ್ಕೆ ಟಾರ್ಚ್ ಬೇಕೇ ಬೇಕು.

ಬೀಗದ ವಿಷಯದಲ್ಲಂತೂ ನಾನು ಬಿಡುವುದಿಲ್ಲ. ಸಕಲೇಶಪುರದ ನಮ್ಮ ತೋಟದ ಮನೆಯಲ್ಲಿ ಅಪ್ಪನ ಜೋಡಿನಳಿಗೆ ಕೋವಿ ಇತ್ತು. ಕೋವಿ ಒಂದು ಕಡೆ, ತೋಟಾ ಬೇರೆ ಕಡೆ, ಬೀರುವಿನ ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಇಲ್ಲಿ ಹಾಗೆ ಯಾರೂ ಹೇಳಿ ಮಾಡಿಸುವುದಿಲ್ಲ. ಆದರೆ ಗುಂಡು ತುಂಬಿದ ಬಂದೂಕನ್ನು ಸಿಗುವ ಹಾಗೆ ಇಟ್ಟು, ಅದು 17 ವರ್ಷ ತುಂಬದ ಮಕ್ಕಳ ಕೈಗೆ ಸಿಕ್ಕರೆ ಟೆಕ್ಸಸ್‌ನಲ್ಲೂ ಅಪರಾಧವೇ. ನಾವು ಮಂಚದ ಪಕ್ಕ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಡಬ್ಬಿ ಇಟ್ಟಿದ್ದೇವೆ. ಅದರ ಬೀಗಕ್ಕೆ ನಾಲ್ಕು ಬಟನ್, ಕಣ್ಣು ಮುಚ್ಚಿಯೂ ಒತ್ತಬಹುದು. ದಿಂಬಿನಡಿ, ಬಟ್ಟೆಯ ಕೆಳಗೆ, ಕಪಾಟಿನ ಮೇಲೆ ಅಂತ ಬಚ್ಚಿಡುವುದು ಬೇಡವೇ ಬೇಡ. ನಾಲ್ಕು ವರ್ಷದ ಮಗುವಿಗೆ ಮನೆಯಲ್ಲಿ ಸಿಗದ ಜಾಗವೇ ಇಲ್ಲ.

ಶನಿವಾರ ಬೆಳಿಗ್ಗೆ ಮನೆಯಲ್ಲಿರು. ಡ್ರಿಲ್ಲು, ಸ್ಕ್ರೂ ಎರಡೂ ತರುತ್ತೇನೆ. ಮುಂಬಾಗಿಲು, ಹಿಂಬಾಗಿಲು, ಗ್ಯಾರೇಜಿನಿಂದ ಒಳಗೆ ಬರುವ ಬಾಗಿಲು, ಮೂರನ್ನೂ ಮುಗಿಸೋಣ.